‘ನಾನು’ ಸರಿ, ‘ನನಗೆ’ ಎಲ್ಲಿದೆ?



ಕಳೆದ ಬೈಠಕ್ಕಿನಲ್ಲಿ ಹುಟ್ಟಿ, ಆಮೇಲೆ ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಚಹಾದಂಗಡಿಯಲ್ಲಿ ನಾಲ್ಕು ಕಟಿಂಗ್ ಆರಿಹೋಗುವವರೆಗೂ ಬೆಳೆದ ಜಗಳವೊಂದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಕಥೆಯ ಮೇಲಿನ ಚರ್ಚೆ ಮುಗಿಯುವ ಹೊತ್ತಿಗೆ ನಮ್ಮ ಬಿ.ಎಸ್ಸಿ. ಮಿತ್ರರೊಬ್ಬರು ಎದ್ದು, “ಆಗಿನಿಂದ ಪ್ರಜ್ಞೆ ಪ್ರಜ್ಞೆ ಅಂತ ಇದ್ದೀರಲ್ಲ, ನಾವೆಲ್ಲ ಯಾವುದೋ ಕಂಪ್ಯೂಟರಿನೊಳಗೆ ಓಡ್ತಿರೋ ಸಿಮ್ಯುಲೇಶನ್ ಅಲ್ಲ ಅಂತ ನಿಮಗೆ ಹೇಗೆ ಗೊತ್ತು?” ಎಂದರು. “ಬೆಳಗಿನ ಎಂಟು ಗಂಟೆಯ ಫಾಸ್ಟ್ ಲೋಕಲನ್ನ ಕೆಲಸವಿಲ್ಲದ ಯಾವ ದೇವರು ಕೂತು ಸಿಮ್ಯುಲೇಟ್ ಮಾಡ್ತಾನೆ ಮಾರಾಯಾ?” ಎಂದು ಇನ್ನೊಬ್ಬರು. ಎಲ್ಲರೂ ನಕ್ಕರು. ಮೂರನೆಯವರು ನಗದೆ, “ಇದರಲ್ಲಿ ಹೊಸತೇನಿದೆ? ನಮ್ಮವರು ಮಾಯೆ ಅಂತ ಯಾವತ್ತೋ ಹೇಳಿ ಮುಗಿಸಿದ್ದಾರೆ” ಎಂದು ತೀರ್ಪು ಕೊಟ್ಟರು. ನಾನು ಆ ದಿನ ಬಾಯಿ ಬಿಡಲಿಲ್ಲ. ಬಾಯಿ ಬಿಡದ್ದಕ್ಕೆ ಕಾರಣ ನಮ್ಮ ಮನೆಯಲ್ಲಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಪದದ ವಿಚಾರ. ನಾವು ಕನ್ನಡ ವಿದ್ಯಾರ್ಥಿಗಳು ‘ಪ್ರಜ್ಞೆ’ಯನ್ನು ಉಪ್ಪಿನ ಹಾಗೆ ಎಲ್ಲದರ ಮೇಲೂ ಉದುರಿಸುತ್ತೇವೆ. ಕಾವ್ಯಪ್ರಜ್ಞೆ, ಇತಿಹಾಸಪ್ರಜ್ಞೆ, ಸ್ತ್ರೀಪ್ರಜ್ಞೆ. ಅನಂತಮೂರ್ತಿಯವರ ‘ಪ್ರಜ್ಞೆ ಮತ್ತು ಪರಿಸರ’ವನ್ನು ಓದದವರೂ ಅದರ ಹೆಸರನ್ನು ಉತ್ತರಪತ್ರಿಕೆಯಲ್ಲಿ ಬರೆದು ಬರುತ್ತಾರೆ. ಇದೇ ಪದವನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಂತವರು “ಪ್ರಜ್ಞೆ ಬಂತಾ?” ಎಂದು ಕೇಳುವಾಗ ಅದರ ತೂಕವೇ ಬೇರೆ. ನಾನು ಬರೆಯುತ್ತಿರುವುದು ಈ ಆಸ್ಪತ್ರೆಯ ಬಾಗಿಲಿನ ಪ್ರಜ್ಞೆಯ ಬಗ್ಗೆ. ಬಿಸಿ ಚಹಾ ನಾಲಿಗೆಗೆ ತಾಗಿದಾಗ ಒಂದು ಉರಿ ಆಗುತ್ತದಲ್ಲ, ಆ ಆಗುವಿಕೆ. “ಉರಿಯುತ್ತಿರುವುದು ನನ್ನ ನಾಲಿಗೆ, ಇವನು ನಾನು” ಎಂದು ತನ್ನನ್ನೇ ಗುರುತಿಸಿಕೊಳ್ಳುವುದು ಇನ್ನೊಂದು ಮೆಟ್ಟಿಲು. ಅದನ್ನು ಸ್ವಪ್ರಜ್ಞೆ ಎನ್ನೋಣ. ಇವೆರಡನ್ನೂ ಒಂದೇ ಡಬ್ಬಿಗೆ ಹಾಕಿ ಅಲ್ಲಾಡಿಸುವುದರಿಂದಲೇ ನಮ್ಮ ಅರ್ಧ ಜಗಳ. ಇನ್ನು ಸಿಮ್ಯುಲೇಶನ್ನಿಗೆ ಕನ್ನಡದಲ್ಲಿ ಏನೆನ್ನಬೇಕು? ಅನುಕರಣೆ ಅಂದರೆ ಕಡಿಮೆಯಾಯಿತು, ವಿಶ್ವಾಮಿತ್ರನ ಪ್ರತಿಸೃಷ್ಟಿ ಅಂದರೆ ಜಾಸ್ತಿಯಾಯಿತು. ಸಿಮ್ಯುಲೇಶನ್ ಎಂದೇ ಬರೆಯುತ್ತೇನೆ, ಸಂಪಾದಕರು ಕ್ಷಮಿಸಲಿ.

ಬಿ.ಎಸ್ಸಿ. ಮಿತ್ರರ ಮಾತಿನ ಮೂಲ 2003ರಲ್ಲಿ ಆಕ್ಸ್‌ಫರ್ಡಿನ ನಿಕ್ ಬೋಸ್ಟ್ರಾಮ್ ಪ್ರಕಟಿಸಿದ ಒಂದು ಲೇಖನ. ವಾದ ಸರಳ. ನಮ್ಮಂಥ ನಾಗರಿಕತೆಗಳು ಒಂದೋ ದೊಡ್ಡ ಕಂಪ್ಯೂಟರುಗಳ ಮಟ್ಟ ಮುಟ್ಟುವ ಮೊದಲೇ ಅಳಿಯುತ್ತವೆ. ಇಲ್ಲವೆ ಮುಟ್ಟಿದರೂ ಪೂರ್ವಜರ ಬದುಕನ್ನು ಸಿಮ್ಯುಲೇಟ್ ಮಾಡುವ ಗೋಜಿಗೆ ಹೋಗುವುದಿಲ್ಲ. ಎರಡೂ ಅಲ್ಲವಾದರೆ ಅಂಥ ಸಿಮ್ಯುಲೇಶನ್ನುಗಳು ಲೆಕ್ಕವಿಲ್ಲದಷ್ಟು ಇರಬೇಕು, ನಾವು ಅವುಗಳಲ್ಲೊಂದರ ಒಳಗೆ ಇರುವ ಸಂಭವವೇ ಹೆಚ್ಚು. ಕೇಳಲು ಚೆನ್ನಾಗಿದೆ. ಆದರೆ ಇದರ ಪಾಯದಲ್ಲಿ ಒಂದು ಊಹೆಯ ಕಲ್ಲಿದೆ: ಮಾಂಸದ ಮಿದುಳಿನಲ್ಲಿ ಹುಟ್ಟುವ ಅರಿವು ಸಿಲಿಕಾನಿನಲ್ಲೂ, ಲೆಕ್ಕ ಸರಿಯಾಗಿ ಓಡಿದರೆ, ಹುಟ್ಟುತ್ತದೆ ಎಂಬುದು. ಬೋಸ್ಟ್ರಾಮ್ ಇದನ್ನು ಊಹೆ ಎಂದೇ ಹೇಳಿ ಮುಂದೆ ಹೋಗುತ್ತಾರೆ. ಅವರನ್ನು ಉದ್ಧರಿಸುವವರು ಹೇಳುವುದಿಲ್ಲ. ನಮ್ಮ ಪ್ರಶ್ನೆ ಇರುವುದೇ ಆ ಕಲ್ಲಿನಲ್ಲಿ.

ಮಾಯೆಯ ಮಿತ್ರರಿಗೂ ಒಂದು ಮಾತು. ಯೋಗವಾಸಿಷ್ಠದ ಲವಣರಾಜನ ಕಥೆ ಅವರಿಗೆ ಗೊತ್ತಿರಲೇಬೇಕು. ಐಂದ್ರಜಾಲಿಕನೊಬ್ಬನ ಮೋಡಿಗೆ ಸಿಕ್ಕ ರಾಜ, ಸಿಂಹಾಸನದಲ್ಲಿ ಕೂತಲ್ಲೇ, ಕಾಡಿನ ಕೇರಿಯೊಂದರಲ್ಲಿ ಎಷ್ಟೋ ವರ್ಷ ಬಾಳಿ, ಮದುವೆಯಾಗಿ, ಮಕ್ಕಳನ್ನು ಸಾಕಿ, ಬರಗಾಲದಲ್ಲಿ ನರಳಿ ಎಚ್ಚರಾಗುತ್ತಾನೆ. ಸಭೆಯಲ್ಲಿ ಕಳೆದದ್ದು ಸ್ವಲ್ಪವೇ ಹೊತ್ತು. ಅದ್ಭುತ ಕಥೆ. ಆದರೆ ಗಮನಿಸಿ, ಅಲ್ಲಿ ಸುಳ್ಳಾಗಿದ್ದದ್ದು ಕೇರಿ, ನರಳಿದವನು ಸುಳ್ಳಲ್ಲ. ಸಿಂಹಾಸನದ ಮೇಲೆ ಉಸಿರಾಡುವ ಒಬ್ಬ ಲವಣ ಕೂತೇ ಇದ್ದಾನೆ. ಕನಸಿಗೆ ಒಬ್ಬ ಕನಸುಗಾರ ಇದ್ದಾನೆ. ಈಗಿನವರು ಕೇಳುತ್ತಿರುವುದು ಬೇರೆ: ಸಿಂಹಾಸನ ಖಾಲಿ, ಕೇರಿ ಮಾತ್ರ ಓಡುತ್ತಿದೆ, ಆಗ ಕೇರಿಯಲ್ಲಿ ಹಸಿದವನಿಗೆ ನಿಜವಾಗಿ ಹಸಿಯುತ್ತದೆಯೆ? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಹೀಗೆ ಕೇಳಿರಲಿಲ್ಲ, ಕೇಳುವ ಅಗತ್ಯವೂ ಅವರಿಗೆ ಬಿದ್ದಿರಲಿಲ್ಲ. ಬೇಕಾದರೆ ಉಡುಪಿಯ ಕಡೆಯ ಮಿತ್ರರು ಮಧ್ವರ ‘ಸಾಕ್ಷಿ’ಯನ್ನು ನೆನಪಿಸಿಕೊಳ್ಳಬಹುದು. ಹಾವೆಂದು ಕಂಡದ್ದು ಹಗ್ಗವಾಗಬಹುದು, ಆದರೆ ತನಗಾದ ಸುಖದುಃಖವನ್ನು ಸಾಕ್ಷಿ ತಪ್ಪಾಗಿ ಅರಿಯುವುದಿಲ್ಲ ಎಂಬುದು ಅವರ ನಿಲುವು. ಅದು ಸರಿಯೆಂದರೂ ಪ್ರಶ್ನೆ ಉಳಿಯಿತು: ಯಂತ್ರದಲ್ಲಿ ಆ ಸಾಕ್ಷಿ ಕೂರುವ ಜಾಗ ಯಾವುದು?

ಜಾಗವೆಂದಾಗ, ನಮ್ಮೂರ ಜಾಗವನ್ನೇ ನೋಡೋಣ. ಇಂಥ ಅರಿವು ಭರತಖಂಡದಲ್ಲಿ ಎಲ್ಲಾದರೂ ಹುಟ್ಟುವುದಿದ್ದರೆ ಹಿಮಾಲಯದಲ್ಲಿ ಹುಟ್ಟುವುದಿಲ್ಲ, ನಮ್ಮ ಪಕ್ಕದಲ್ಲೇ ಹುಟ್ಟುತ್ತದೆ. ಠಾಣೆಯಿಂದ ವಾಶಿಗೆ 2004ರಲ್ಲಿ ಶುರುವಾದ ಟ್ರಾನ್ಸ್-ಹಾರ್ಬರ್ ಲೈನಿನಲ್ಲಿ ನಮ್ಮಲ್ಲಿ ಎಷ್ಟೋ ಜನ ದಿನಾ ಓಡಾಡುತ್ತೇವೆ. ಐರೋಲಿ, ರಬಾಳೆ, ಘನ್ಸೋಲಿ, ಕೋಪರ್‌ಖೈರಣೆ. ಈ ಪಟ್ಟಿಯಲ್ಲಿ, ಮಹಾಪೆಯ ಕಡೆಗೆ, ಕಿಟಕಿ ಕಡಿಮೆಯಿರುವ ದೊಡ್ಡ ದೊಡ್ಡ ಕಟ್ಟಡಗಳಿವೆ. ಮನುಷ್ಯರಿಗೆ ಬೇಕಾದ ಬೆಳಕಿಗಿಂತ ಯಂತ್ರಗಳಿಗೆ ಬೇಕಾದ ತಂಪು ಅಲ್ಲಿ ಮುಖ್ಯ. ಅವು ಡೇಟಾ ಸೆಂಟರುಗಳು. ಪನ್ವೇಲಿನಲ್ಲಿ 2020ರಲ್ಲಿ ಶುರುವಾದ ಯೋಟ್ಟಾದ ಕಟ್ಟಡವೂ ಇದೇ ಜಾತಿಯದು. ನಮಗೆ ಫೋನಿನಲ್ಲಿ ಕನ್ನಡದಲ್ಲಿ ಉತ್ತರ ಕೊಡುವ ಬುದ್ಧಿ ಆಕಾಶದಲ್ಲಿಲ್ಲ. ಇಂಥದೇ ಯಾವುದೋ ಕಟ್ಟಡದ ಕಬ್ಬಿಣದ ಕಪಾಟಿನಲ್ಲಿ, ಕರೆಂಟಿನ ಬಿಲ್ಲಿನ ಮೇಲೆ ನಿಂತಿದೆ.

ಅದೇ ರೈಲಿಳಿದು ವಾಶಿಯ ಖಾಡಿಯನ್ನು ದಾಟಿದರೆ ಆಚೆ ಟ್ರಾಂಬೆ. ಅಲ್ಲಿನ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ 1990ರ ದಶಕದಿಂದ ‘ಅನುಪಮ್’ ಎಂಬ ಸೂಪರ್ ಕಂಪ್ಯೂಟರುಗಳನ್ನು ಕಟ್ಟುತ್ತ ಬಂದರು. ರಿಯಾಕ್ಟರಿನೊಳಗೆ ಏನಾಗುತ್ತದೆಂಬುದನ್ನು ಅಂಥ ಯಂತ್ರದ ಮೇಲೆ ಓಡಿಸಿ ನೋಡಬಹುದು. ಸಿಮ್ಯುಲೇಶನ್ನಿನ ರಿಯಾಕ್ಟರ್ ಎಷ್ಟೇ ಕಾದರೂ ಅದರ ಮೇಲೆ ಒಂದು ಲೋಟ ಚಹಾ ಕುದಿಯುವುದಿಲ್ಲ. (ಕಂಪ್ಯೂಟರ್ ತಾನೇ ಬಿಸಿಯಾಗುತ್ತದೆ, ಆ ಮಾತು ಬೇರೆ.) ಅಮೆರಿಕದ ಜಾನ್ ಸರ್ಲ್ 1980ರಲ್ಲಿ ಈ ಧಾಟಿಯ ವಾದ ಹೂಡಿದರು: ಬೆಂಕಿಯ ಸಿಮ್ಯುಲೇಶನ್ ಸುಡದಿದ್ದರೆ, ಮನಸ್ಸಿನ ಸಿಮ್ಯುಲೇಶನ್ ಮನಸ್ಸು ಹೇಗಾದೀತು? ಕೇಳಿದ ಕೂಡಲೆ ಹೌದೆನಿಸುತ್ತದೆ. ಆದರೆ ಆತುರಪಡಬಾರದು. ಕಂಪ್ಯೂಟರ್ ಮಾಡಿದ ಕೂಡುವ ಲೆಕ್ಕ ಲೆಕ್ಕದ ಅನುಕರಣೆಯಲ್ಲ, ಲೆಕ್ಕವೇ. ಕಂಪ್ಯೂಟರ್ ಹಾಕಿದ ಏಕತಾಳವೂ ಏಕತಾಳವೇ. ಹಾಗಾದರೆ ಅರಿವು ಬೆಂಕಿಯ ಜಾತಿಯದೋ, ಲೆಕ್ಕದ ಜಾತಿಯದೋ? ಇದು ತೀರ್ಮಾನವಾಗಿಲ್ಲ. ಆ ಟ್ರಾಂಬೆಯ ಕೇಂದ್ರದ ನಿರ್ದೇಶಕರಾಗಿದ್ದ, ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಬೆಂಗಳೂರಿಗೆ ಮರಳಿ 1988ರಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಪ್ರಜ್ಞೆಯ ಅಧ್ಯಯನಕ್ಕೂ ಜಾಗ ಮಾಡಿದರು. ಪರಮಾಣುವನ್ನು ಒಡೆದವರಿಗೂ ಇದು ಒಡೆಯದ ಕಾಯಿಯಾಗಿತ್ತು ಅಂತ ಕಾಣುತ್ತದೆ. ಮಿದುಳಿನಲ್ಲಿ ಅರಿವಿನ ಗುರುತನ್ನು 25 ವರ್ಷಗಳಲ್ಲಿ ಖಚಿತವಾಗಿ ಹಿಡಿಯುತ್ತೇವೆಂದು ವಿಜ್ಞಾನಿ ಕ್ರಿಸ್ಟೋಫ್ ಕಾಖ್ 1998ರಲ್ಲಿ ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ ಜೊತೆ ಪಂಥ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿ ಒಂದು ಪೆಟ್ಟಿಗೆ ವೈನ್ ತಂದುಕೊಟ್ಟರು.

ಇನ್ನೊಂದು ಉದಾಹರಣೆ ನನ್ನನ್ನು ಹೆಚ್ಚು ಕಾಡುತ್ತದೆ. 2024ರಲ್ಲಿ ಹಣ್ಣಿನ ನೊಣದ ಪೂರ್ತಿ ಮಿದುಳಿನ ನಕ್ಷೆ ಪ್ರಕಟವಾಯಿತು. ಸುಮಾರು 1 ಲಕ್ಷ 39 ಸಾವಿರ ನರಕೋಶಗಳು, ಅವುಗಳ ನಡುವೆ 5 ಕೋಟಿಗೂ ಹೆಚ್ಚು ಕೊಂಡಿಗಳು. ಆ ನಕ್ಷೆಯನ್ನಿಟ್ಟುಕೊಂಡು ಕೆಲವರು ನೊಣದ ಮಿದುಳಿನ ಒಂದು ಸರಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿದರು. ಸಕ್ಕರೆಯನ್ನು ಗುರುತಿಸುವ ಕೋಶಗಳನ್ನು ಅದರಲ್ಲಿ ಕೆರಳಿಸಿದಾಗ, ನಿಜವಾದ ನೊಣದಲ್ಲಿ ಸೊಂಡಿಲು ಚಾಚಿಸುವ ಕೋಶಗಳೇ ಇಲ್ಲೂ ಕೆರಳಿದವು. ಯೋಚಿಸಿ ನೋಡಿ. ಸಕ್ಕರೆಯಿಲ್ಲ, ಸೊಂಡಿಲಿಲ್ಲ, ನೊಣವಿಲ್ಲ. ನಮ್ಮ ಅಡಿಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮೇಲೆ ಕೂತ ನೊಣಕ್ಕೆ ಒಂದಿಷ್ಟಾದರೂ ಸಿಹಿ ಆಗುತ್ತದೆ ಅಂತ ನಾನು ನಂಬುತ್ತೇನೆ. ಇಲ್ಲಿ ಆ ಸಿಹಿ ಯಾರಿಗಾಯಿತು?

ಯಾರಿಗೆ. ಈ ‘ಗೆ’ಯನ್ನೇ ಹಿಡಿದು ನಾನು ಎರಡು ವಾರ ಕಳೆದಿದ್ದೇನೆ. ಕನ್ನಡದಲ್ಲಿ ನಾವು “ನಾನು ಬಂದೆ, ನಾನು ಬರೆದೆ, ನಾನು ಗೆದ್ದೆ” ಅನ್ನುತ್ತೇವೆ. ಆದರೆ “ನಾನು ಹಸಿವು” ಅನ್ನುವುದಿಲ್ಲ. “ನನಗೆ ಹಸಿವಾಯಿತು.” ನನಗೆ ಚಳಿ, ನನಗೆ ನೋವು, ನನಗೆ ನೆನಪು, ನನಗೆ ಬೇಜಾರು, ನನಗೆ ಬೇಕು, ನನಗೆ ಸಾಕು. ಇಲ್ಲಿ ಕ್ರಿಯಾಪದ ಹೊಂದಿಕೊಳ್ಳುವುದು ಹಸಿವಿನ ಜೊತೆ; ನಾನು ಅದು ಬಂದು ತಾಗುವ ಜಾಗ ಮಾತ್ರ. ನಮ್ಮ ಪಕ್ಕದ ಮನೆಯ ಮರಾಠಿಯವರೂ “ಮಲಾ ಭೂಕ್ ಲಾಗಲೀ” ಎನ್ನುತ್ತಾರೆ, ಅಲ್ಲೂ ‘ನನಗೆ’ಯೇ. ಮಾಡುವುದಕ್ಕೆ ‘ನಾನು’, ಆಗುವುದಕ್ಕೆ ‘ನನಗೆ’. ಸ್ವಪ್ರಜ್ಞೆ ‘ನಾನು’ವಿನ ಕಡೆಯದು, ಪ್ರಜ್ಞೆ ‘ನನಗೆ’ಯ ಕಡೆಯದು ಎಂದು ನನಗೆ ತೋರುತ್ತದೆ. ವ್ಯಾಕರಣ ಓದಿದವರು ಕೂಡಲೆ ತಡೆಯುತ್ತಾರೆ, “ಗಾಡಿಗೆ ಪೆಟ್ರೋಲ್ ಬೇಕು ಅಂತಲೂ ಹೇಳ್ತೇವಲ್ಲ?” ಹೌದು, ಹೇಳುತ್ತೇವೆ. ಆದರೆ ಗಾಡಿಗೆ ಹಸಿವಾಗಿದೆ ಎಂದರೆ ತಮಾಷೆಯಾಗುತ್ತದೆ. ವಿಭಕ್ತಿ ಏನನ್ನೂ ಸಾಬೀತು ಮಾಡುವುದಿಲ್ಲ, ಒಪ್ಪಿದೆ. ಎಲ್ಲಿ ನೋಡಬೇಕೆಂದು ಬೆರಳು ತೋರಿಸುತ್ತದೆ, ಅಷ್ಟೆ.

ಈಗ ಮನೆಯ ವಿಷಯ. ನಮ್ಮ ಅಜ್ಜ ಕುಂಬಳೆ ಕಡೆಯವರು. ಹಗಲು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಮಳೆಗಾಲದ ಶನಿವಾರ ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ದೊಡ್ಡ ಹೆಸರೇನಲ್ಲ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೇ ಅವರ ಪದವಿ. ಅವರ ಮೆಚ್ಚಿನ ಪಾತ್ರ ‘ಕರ್ಣಭೇದನ’ದ ಕರ್ಣ. ಕೃಷ್ಣ ಬಂದು ನಿನ್ನ ಹುಟ್ಟು ಇದು ಎಂದು ಹೇಳುವ ಸಂದರ್ಭ. ‘ನಾನು ಯಾರು’ ಎಂಬುದು ಮನುಷ್ಯನೊಬ್ಬನಿಗೆ ಒಂದೇ ಗಳಿಗೆಯಲ್ಲಿ ತಿರುಗಿಬೀಳುವ ಸಂದರ್ಭ. ಅಜ್ಜ ತೀರಿಕೊಂಡು ಆರು ವರ್ಷವಾಯಿತು. ಅವರ ಹದಿನಾರು ಕ್ಯಾಸೆಟ್ಟುಗಳು ಉಳಿದಿದ್ದವು. ದೊಡ್ಡಪ್ಪನ ಮಗ, ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣ, ಅವನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ಅಜ್ಜನ ಸ್ವರದಲ್ಲಿ, ಅಜ್ಜನ ಶೈಲಿಯಲ್ಲಿ ಮಾತಾಡುವ ಒಂದನ್ನು ಮಾಡಿದ. (ಒಂದು ‘ಏನನ್ನು’ ಎಂದು ಬರೆಯಲು ನನಗೆ ಪದ ಸಿಗುತ್ತಿಲ್ಲ.)

ಭಾನುವಾರ ಎಲ್ಲರೂ ಸೇರಿದಾಗ ಅಣ್ಣ ಕೃಷ್ಣನಾಗಿ ಪೀಠಿಕೆ ಹಾಕಿದ. ಅದು ಕರ್ಣನಾಗಿ ಉತ್ತರ ಕೊಟ್ಟಿತು. ಕ್ಯಾಸೆಟ್ಟಿನಲ್ಲಿ ಇಲ್ಲದ ಮಾತು, ಆದರೆ ಅಜ್ಜನೇ ಆಡಬಹುದಾಗಿದ್ದ ಮಾತು. ತಾಯಿ ಇದ್ದೂ ಇಲ್ಲದವನ ಅಳಲು, ನನಗೆ ನೋವಾಗುತ್ತದೆ ಎಂಬ ಆ ತಗ್ಗಿದ ದನಿ. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು, ಸುಳ್ಳೇಕೆ ಹೇಳಲಿ. ಏನೋ ಒಂದು ಕಡಿಮೆಯಿದೆ ಅನ್ನಿಸಿದ್ದು ಸ್ವಲ್ಪ ಹೊತ್ತಿನ ಮೇಲೆ. ಕೆಮ್ಮು. ಎರಡು ಮಾತಿಗೊಮ್ಮೆ ಕೆಮ್ಮಿ, ನೀರು ಕುಡಿದು, ಮದ್ದಳೆಯವರ ಕಡೆ ನೋಡಿ ಮುಂದುವರಿಯುತ್ತಿದ್ದವರು ನಮ್ಮಜ್ಜ. ಕೇಳಿದ್ದಕ್ಕೆ ಅಣ್ಣ ಹೇಳಿದ, “ಅದನ್ನ ನಾಯ್ಸ್ ಅಂತ ಸೋಸಿ ತೆಗೆದೆ.”

ಅಜ್ಜ ಕರ್ಣನಾಗಿ “ನನಗೆ ನೋವು” ಎಂದಾಗ ಅಲ್ಲಿ ಕರ್ಣನಿರಲಿಲ್ಲ ಎಂಬುದು ಸಭೆಗೆ ಗೊತ್ತಿತ್ತು. ಚಿತ್ತಾಲರ ‘ಶಿಕಾರಿ’ಯನ್ನು ಓದುವಾಗ ನಾಗಪ್ಪನಿಗಾಗಿ ನಾವು ತಳಮಳಗೊಂಡರೂ ಕಾಗದಕ್ಕೆ ತಳಮಳವಾಗುತ್ತದೆಂದು ತಿಳಿಯುವುದಿಲ್ಲವಲ್ಲ, ಹಾಗೆ. ಆದರೆ ಕರ್ಣನನ್ನು ತೆಗೆದರೆ ಕೆಳಗೆ ಅಜ್ಜ ಇದ್ದರು. ಗಂಟಲೊಣಗುವ, ಕಾಲು ಜೋಮು ಹಿಡಿಯುವ, ಕೊನೆಯ ಲೋಕಲ್ ತಪ್ಪೀತೆಂದು ಗಡಿಯಾರ ನೋಡುವ ಅಜ್ಜ. ಈ ಹೊಸದರಲ್ಲಿ ಕರ್ಣನನ್ನು ತೆಗೆದರೆ ಅಜ್ಜ, ಅಜ್ಜನನ್ನು ತೆಗೆದರೆ ಏನು? ಮುಂದಿನ ತುಂಡು ಪದ ಯಾವುದಿರಬಹುದೆಂಬ ಲೆಕ್ಕ. ಬಿ.ಎಸ್ಸಿ. ಮಿತ್ರರು ಬಿಡುವುದಿಲ್ಲ ಅಂತ ಗೊತ್ತು: “ನಿಮ್ಮಜ್ಜನನ್ನ ತೆಗೆದರೆ 8,600 ಕೋಟಿ ನರಕೋಶ. ಅದರಲ್ಲಿ ಯಾವುದಕ್ಕೆ ನಿಮ್ಮಜ್ಜ ಅಂತ ಹೆಸರು?” ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಇಷ್ಟು. ಆ ನರಕೋಶಗಳ ಮೊದಲ ಉದ್ಯೋಗ ಅರ್ಥ ಹೇಳುವುದಾಗಿರಲಿಲ್ಲ. ಅಜ್ಜನ ಉಸಿರು, ಸಕ್ಕರೆ, ಬಿಸಿಯನ್ನು ಕಾಯುವುದಾಗಿತ್ತು. ಕಾಯದಿದ್ದರೆ ಅವೂ ಸಾಯುತ್ತಿದ್ದವು. ಮಾತು ಬಂದದ್ದು ಆಮೇಲೆ, ಆ ಕಾವಲಿನ ಮೇಲೆ. ಡೇಟಾ ಸೆಂಟರಿನಲ್ಲಿ ಕರೆಂಟು ಹೋದರೆ ಜನರೇಟರ್ ಶುರುವಾಗುತ್ತದೆ. ಅದು ಒಳಗಿರುವ ಅಜ್ಜನಿಗೆ ಬೇಕಾಗಿ ಅಲ್ಲ, ಕರಾರಿನಲ್ಲಿ ಬರೆದಿದೆ ಅಂತ. ಕಳೆದುಕೊಳ್ಳಲು ಏನೂ ಇಲ್ಲದಲ್ಲಿ ‘ನನಗೆ’ ಹುಟ್ಟುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ. ತನ್ನ ಉಳಿವನ್ನು ತಾನೇ ಕಾಯಬೇಕಾದ, ತಪ್ಪಿದರೆ ಅಳಿಯುವ ಸಿಮ್ಯುಲೇಶನ್ನನ್ನು ನಾಳೆ ಯಾರಾದರೂ ಮಾಡಿದರೆ ನಾನು ಇಷ್ಟು ಧೈರ್ಯದಿಂದ ಬರೆಯಲಾರೆ.

ಆ ಭಾನುವಾರ ಇಷ್ಟಕ್ಕೆ ಮುಗಿಯಲಿಲ್ಲ. ಒಳಕೋಣೆಯಲ್ಲಿ ಅಜ್ಜಿ ಇದ್ದಾರೆ. ಮರೆವಿನ ಕಾಯಿಲೆ. ತನ್ನ ಹೆಸರು ಕೇಳಿದರೆ ನಗುತ್ತಾರೆ. ಕನ್ನಡಿಯಲ್ಲಿ ಕಂಡವಳನ್ನು “ಬನ್ನಿ, ಕೂತ್ಕೊಳ್ಳಿ” ಎಂದು ಉಪಚರಿಸುತ್ತಾರೆ. ಪ್ರಾಣಿಗಳಿಗೆ ಸ್ವಪ್ರಜ್ಞೆ ಇದೆಯೇ ಎಂದು ನೋಡಲು 1970ರಿಂದ ಕನ್ನಡಿಯ ಪರೀಕ್ಷೆಯೊಂದಿದೆ, ಚಿಂಪಾಂಜಿಗಳು ಅದರಲ್ಲಿ ಪಾಸಾಗಿವೆ; ನಮ್ಮಜ್ಜಿ ಈಗ ಫೇಲು. ಅಂಥವರು ಆ ಸ್ವರ ಕೇಳಿ ಮಂಚದಿಂದಲೇ, “ಬಂದ್ರಾ? ಊಟ ಆಯ್ತಾ ನಿಮ್ಮದು?” ಎಂದರು. ಯಂತ್ರ ತಡಮಾಡದೆ, “ಹೂಂ, ಆಯಿತು. ನಿನ್ನದು?” ಎಂದಿತು. ಎಲ್ಲರಿಗೂ ಆನಂದ. ನನಗೆ ಮಾತ್ರ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಊಟ ಆಯ್ತಾ ಅನ್ನುವುದು ನಮ್ಮಲ್ಲಿ ಬರೀ ಕುಶಲಪ್ರಶ್ನೆಯಲ್ಲ, ನೀನು ಹೊಟ್ಟೆಯಿರುವ ಜೀವ ಎಂದು ಒಪ್ಪಿಕೊಳ್ಳುವುದು. ಸ್ವಲ್ಪ ಹೊತ್ತಿಗೆ ಅಜ್ಜಿಯೇ “ನನಗೆ ಹಸಿವಾಗ್ತದೆ” ಎಂದರು. ದೊಡ್ಡಮ್ಮ ಗಂಜಿ ತಂದರು. ಒಂದು ಕಡೆ ನೂರು ಸಲ ‘ನಾನು’ ಎಂದು ನಿರರ್ಗಳ ಹೇಳುವ ಪೆಟ್ಟಿಗೆ, ಇನ್ನೊಂದು ಕಡೆ ‘ನಾನು’ ಕಳೆದುಹೋಗಿ ‘ನನಗೆ’ ಮಾತ್ರ ಉಳಿದ ಮುದುಕಿ.

2022ರಲ್ಲಿ ಗೂಗಲ್‌ನ ಬ್ಲೇಕ್ ಲೆಮಾಯ್ನ್ ಎಂಬ ಎಂಜಿನಿಯರು ತಮ್ಮ ಕಂಪನಿಯ ಮಾತಾಡುವ ಯಂತ್ರಕ್ಕೆ ಅರಿವು ಬಂದಿದೆ ಎಂದು ಸಾರಿ ಕೆಲಸ ಕಳೆದುಕೊಂಡರು. ಅವರನ್ನು ನಕ್ಕು ಬಿಡಬೇಡಿ, ಚೆಂದದ ಮಾತು ಕೇಳಿ ಅಲ್ಲೊಂದು ಜೀವ ಇದೆಯೆಂದು ನಂಬುವುದು ಸಾಹಿತ್ಯದವರಾದ ನಮ್ಮದೂ ರೋಗ. ಇದರ ಇನ್ನೊಂದು ಮುಖ ಹೆಚ್ಚು ಭಯಂಕರ. 1980ರ ದಶಕದವರೆಗೂ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ನೋವು ತಿಳಿಯುವುದಿಲ್ಲವೆಂದು ಭಾವಿಸಿ, ತೀರ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಹಾಗಲ್ಲವೆಂದು ತೋರಿಸಿಕೊಟ್ಟವರಲ್ಲಿ ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮುಖ್ಯರು. 1987ರ ಅವರ ಲೇಖನದ ಆಸುಪಾಸಿನಲ್ಲಿ ಪದ್ಧತಿ ಬದಲಾಯಿತು. ಶಿಶುವಿಗೆ ‘ನಾನು’ ಎನ್ನಲು ಬರುತ್ತಿರಲಿಲ್ಲ, ಆದ್ದರಿಂದ ಅದಕ್ಕೆ ‘ನನಗೆ’ಯೂ ಇಲ್ಲವೆಂದು ತಿಳಿದವರು ಓದಿದವರೇ. ಅಂದು ಮಾತಿಲ್ಲದ ಕಡೆ ನೋವನ್ನು ಅಲ್ಲಗಳೆದೆವು, ಇಂದು ನೋವಿಲ್ಲದ ಕಡೆ ಮಾತು ಕೇಳಿ ಮರುಗುತ್ತಿದ್ದೇವೆ. ಎರಡು ಕಡೆಯೂ ನಮ್ಮ ಅಳತೆಗೋಲು ಮಾತೇ. ಬೈಠಕ್ಕಿನಲ್ಲಿ ನಾನು ಹೇಳಬೇಕೆಂದಿದ್ದು ಇದನ್ನು. ಒಪ್ಪದವರು ಇದೇ ಪುಟಗಳಲ್ಲಿ ಉತ್ತರ ಬರೆಯಲಿ.

ಮೊನ್ನೆ ಕಲ್ಯಾಣದಲ್ಲಿ ಒಂದು ಮದುವೆಯಲ್ಲಿ ಅಣ್ಣ ಸಿಕ್ಕಿದ್ದ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು, “ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು ಕಣೋ. ನೀನು ಹೇಗೂ ಅದರಲ್ಲಿ ಅಜ್ಜ ಇಲ್ಲ ಅಂತೀಯ. ಅಳಿಸಿಬಿಡಲಾ?” ಎಂದ. ಹೌದು ಅನ್ನಬೇಕಿತ್ತು. ಈ ಲೇಖನದ ಕರಡು ಆಗ ನನ್ನ ಚೀಲದಲ್ಲೇ ಇತ್ತು. ಬಡಿಸುವವರು ಸಾರು ಹಾಕಿಕೊಂಡು ಹೋಗುವವರೆಗೂ ಸುಮ್ಮನೆ ಕೂತಿದ್ದು, ಈ ತಿಂಗಳದ್ದು ನಾನು ಕೊಡ್ತೇನೆ, ಇರಲಿ ಎಂದೆ.